ಬಾಗಿಲು ತೆರೆಯುವವರೆಗೆ

ಅಕ್ಟೋಬರ್ ೬, ಸೋಮವಾರ

ಕ್ಷಮಿಸು, ಬರೆಯುತ್ತಿದ್ದೇನೆ. ಇನ್ನು ಜನ್ಮದಲ್ಲಿ ಡೈರಿ ಮುಟ್ಟುವುದಿಲ್ಲ ಅಂತ ಏಳನೇ ಕ್ಲಾಸಿನಲ್ಲೇ ತೀರ್ಮಾನ ಮಾಡಿದವಳು ನಾನು. ಹಾಸ್ಟೆಲಿನಲ್ಲಿ ವಾರ್ಡನ್ ಮಿಸ್ ನಮ್ಮ ಡೈರಿಗಳನ್ನು ಹುಡುಕಿ ತೆಗೆದು ಊಟದ ಕೋಣೆಯಲ್ಲಿ ಜೋರಾಗಿ ಓದುತ್ತಿದ್ದರು. ನನ್ನದು ಓದಿದ ದಿನ ಎಲ್ಲರೂ ನಕ್ಕರು, ಮರ್ಯಾದೆಗೆ ನಾನೂ ನಕ್ಕೆ. ಆದರೆ ಈಗ ವಿಮಾನದಲ್ಲಿ ಕೂತಿದ್ದೇನೆ, ಉಗುರು ಕಚ್ಚುತ್ತಿದ್ದೇನೆ, ಪಕ್ಕದಲ್ಲಿ ಅತ್ತೆ ಇದ್ದಾರೆ, ಯಾಕೆ ಅಂತ ಅವರಿಗೆ ಹೇಳುವಂತಿಲ್ಲ. ಕೆಮಿಸ್ಟ್ರಿ ನೋಟ್ ಬುಕ್ಕಿನ ಹಿಂದಿನ ಹಾಳೆಗಳು ಖಾಲಿ ಇದ್ದವು. ಹಾಗಾಗಿ ನಿನಗೆ ಈ ಕಾಟ.

ಮೊದಲಿನಿಂದ ಹೇಳಿದರೆ ಟೆನ್ಶನ್ ಸ್ವಲ್ಪ ಇಳಿಯುತ್ತದೇನೋ. ನಮ್ಮದು ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಸೇರುವ ಸಣ್ಣ ಕ್ರೈಸ್ತ ಸಭೆ. ಪಾಸ್ಟರ್ ಅಂಕಲ್ ಪ್ರಸಂಗದಲ್ಲಿ ಪವಿತ್ರಾತ್ಮನ ಗಾಳಿ ಅಂದಾಗಲೇ ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು ಬರುತ್ತದೆ. ಹೋದ ವರ್ಷ ಹೊರದೇಶದ ಒಂದು ಸಭೆ ನಮಗೆ ಪತ್ರ ಬರೆಯಿತು: ನಿಮ್ಮ ಜೊತೆ ಸಹಭಾಗಿಗಳಾಗುವ ಆಸೆ ಇದೆ, ನೀವು ಬಂದು ನಮ್ಮನ್ನು ನೋಡಿ, ನಾವೂ ಬಂದು ನಿಮ್ಮನ್ನು ನೋಡುತ್ತೇವೆ, ದೇವರ ಚಿತ್ತವಿದ್ದರೆ ನಿಮ್ಮ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ ಕಟ್ಟಿಸಿಕೊಡೋಣ. ನಮ್ಮ ಸಭೆಯ ಹಿರಿಯರು ನೆಲದ ಮೇಲೆ ನಿಲ್ಲಲಿಲ್ಲ. ಕಲ್ಲುಗಣಿಯ ಆಚೆ ಇರುವ ಮನೆಗಳ ಹುಡುಗಿಯರು ಏಳನೇ ಕ್ಲಾಸಿಗೆ ಓದು ನಿಲ್ಲಿಸುತ್ತಾರೆ. ಹೈಸ್ಕೂಲ್ ದೂರ, ದಾರಿ ನಿರ್ಜನ. ಭಾನುವಾರ ಅಪ್ಪ ಅಮ್ಮನ ಜೊತೆ ನಡೆದು ಸಭೆಗೆ ಬರುತ್ತಾರೆ, ದಿನಾ ಒಂಟಿಯಾಗಿ ಕಳಿಸುವುದಕ್ಕೆ ಯಾರಿಗೂ ಧೈರ್ಯ ಇಲ್ಲ.

ಪಾಸ್ಟರ್ ಅಂಕಲ್ ಮತ್ತು ಅತ್ತೆ ಹೋಗುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಪಾಸ್ಟರ್ ಅಂಕಲ್ ಸ್ಪೀಕರ್ ಕಟ್ಟುವುದಕ್ಕೆ ಏಣಿ ಹತ್ತಿ ಜಾರಿ ಕಾಲು ಮುರಿದುಕೊಂಡರು. ಇಂಗ್ಲಿಷ್ ಬರುವ ಬಾಯಿ ಬೇಕಲ್ಲ, ಅವರ ಜಾಗಕ್ಕೆ ನಾನು.

ಅತ್ತೆ ಅಂದರೆ ಅಪ್ಪನ ಅಕ್ಕ. ಟೈಲರಿಂಗ್ ಕ್ಲಾಸ್ ನಡೆಸುತ್ತಾರೆ, ಸಂಡೇ ಸ್ಕೂಲ್ ನೋಡಿಕೊಳ್ಳುತ್ತಾರೆ, ಕುತ್ತಿಗೆಯಲ್ಲಿ ಅಳತೆ ಟೇಪು ಇಲ್ಲದೆ ಅವರನ್ನು ನೋಡಿದ ನೆನಪಿಲ್ಲ. ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಳು. ಅಪ್ಪ ಲಾರಿ ಓಡಿಸುತ್ತಾ ಊರೂರು. ನಾಲ್ಕನೇ ಕ್ಲಾಸಿನವರೆಗೆ ಅತ್ತೆಯ ಮನೆಯಲ್ಲಿದ್ದೆ, ಆಮೇಲೆ ಅತ್ತೆ ಹಾಸ್ಟೆಲ್ ಸ್ಕೂಲಿಗೆ ಹಾಕಿದರು. ಈಗ ಕಾಲೇಜಿನಲ್ಲಿ ಮೊದಲ ವರ್ಷ, ಅಲ್ಲೂ ಹಾಸ್ಟೆಲ್.

ಟೆನ್ಶನ್ನಿಗೆ ಕಾರಣ ಇದು: ಭಾನುವಾರ ಅವರ ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಬೇಕು. ಹಾಸ್ಟೆಲ್ ನನ್ನನ್ನು ಹೇಗೆ ಬೆಳೆಸಿತು ಅಂತ. "ನಿನ್ನ ಸಾಕ್ಷಿ ಕೇಳಿದ್ರೆ ಸಾಕು, ಹಾಸ್ಟೆಲ್ ಎದ್ದ ಹಾಗೇ ಲೆಕ್ಕ" ಅಂತ ಹಿರಿಯರೆಲ್ಲ ಬೆನ್ನು ತಟ್ಟಿ ಕಳಿಸಿದ್ದಾರೆ. ಪಾಸ್ಟರ್ ಅಂಕಲ್ ಇಂಗ್ಲಿಷಿನಲ್ಲಿ ಬರೆದೂ ಕೊಟ್ಟಿದ್ದಾರೆ. ಅದರಲ್ಲಿ ಇರುವುದೆಲ್ಲ ನಿಜ. ಇಲ್ಲದ್ದನ್ನು ಯಾರೂ ಕೇಳಿಲ್ಲ. ಅತ್ತೆಯೂ.

"ಗಿಣಿ, ಏನು ಬರೀತಿದೀಯ?" ಅಂತ ಈಗಷ್ಟೇ ಕೇಳಿದರು. ಹಾಸ್ಟೆಲಿಗೆ ಹೋಗುವ ಮುಂಚೆ ನನ್ನ ಬಾಯಿ ಒಂದು ಗಳಿಗೆ ಮುಚ್ಚುತ್ತಿರಲಿಲ್ಲವಂತೆ, ಅದಕ್ಕೆ ಆ ಹೆಸರು. ಈಗ ಸೂಟ್ ಆಗಲ್ಲ, ಆದರೂ ಕರೆಯುತ್ತಾರೆ.

"ಕೆಮಿಸ್ಟ್ರಿ, ಅತ್ತೆ."

"ಬರಿ ಬರಿ. ಆಕಾಶದಲ್ಲಿ ಓದಿದ್ದು ಮರೆಯಲ್ಲ." ಹೇಳಿ ಸೀಟ್ ಬೆಲ್ಟನ್ನು ಮಗುಚಿ ಮಗುಚಿ ನೋಡಿದರು. "ಇದರ ಹೊಲಿಗೆ ನೋಡು. ವಿಮಾನ ಬಿಚ್ಚಿಕೊಂಡ್ರೂ ಇದು ಬಿಚ್ಚಲ್ಲ."

ಧೈರ್ಯ ಹೇಳುವ ರೀತಿಯೇ ಇದು? ಕಚ್ಚುವುದಕ್ಕೆ ಎಡಗೈ ಹೆಬ್ಬೆರಳಿನ ಉಗುರೊಂದೇ ಉಳಿದಿದೆ.

ಅಕ್ಟೋಬರ್ ೭, ಮಂಗಳವಾರ

ಬಂದು ತಲುಪಿದೆವು. ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡಿರುವವರು ಸ್ಕೂಲ್ ಬಸ್ ಓಡಿಸುವ ಒಬ್ಬ ಆಂಟಿ. ಗಟ್ಟಿ ಆಳು, ಗಿಡ್ಡ ಬಿಳಿ ಕೂದಲು, ಸೊಂಟದಲ್ಲಿ ಬೀಗದಕೈ ಗೊಂಚಲು, ನಡೆದರೆ ಮನೆಯೆಲ್ಲ ಕಿಣಿಕಿಣಿ. ನಾನು ಮನಸ್ಸಿನಲ್ಲೇ ಬಸ್ ಆಂಟಿ ಅಂತ ಹೆಸರಿಟ್ಟಿದ್ದೇನೆ. ನಮಗೊಂದು ರೂಮ್ ಕೊಟ್ಟಿದ್ದಾರೆ, ಎರಡು ಮಂಚ, ಮಧ್ಯೆ ಒಂದು ಸಣ್ಣ ಮೇಜು. ಅತ್ತೆಯ ಜೊತೆ ಒಂದೇ ರೂಮಿನಲ್ಲಿ ಮಲಗಿ ಎಷ್ಟು ವರ್ಷವಾಯಿತೋ. ರಜೆಯಲ್ಲಿ ಹೋದಾಗ ನಾನು ಹಾಲಿನಲ್ಲಿ, ಅವರು ಮಷೀನಿನ ರೂಮಿನಲ್ಲಿ.

ಅವರ ಸಭೆ ನಡೆಯುವುದು ಒಂದು ಹಳೇ ಫರ್ನಿಚರ್ ಅಂಗಡಿಯಲ್ಲಿ. ಗಾಜಿನ ಗೋಡೆಯ ಮೇಲೆ ಸೋಫಾ ಅನ್ನುವ ಅಕ್ಷರ ಕೆರೆದು ತೆಗೆದ ಗುರುತು ಇನ್ನೂ ಇದೆ. ಅತ್ತೆಗೆ ಅದನ್ನು ನೋಡಿ ಪರಮ ಸಂತೋಷ. "ನಮ್ಮದು ಟೈರು, ಇವರದು ಸೋಫಾ. ಇವರಿಗೆ ಕೂರೋಕೆ ಅನುಕೂಲ, ನಮಗೆ ಓಡೋಕೆ."

ಇದನ್ನು ತರ್ಜುಮೆ ಮಾಡು ಅಂದರು. ನಾನು, ನಿಮ್ಮ ಹಾಲ್ ಬಹಳ ಸುಂದರವಾಗಿದೆ ಅನ್ನುತ್ತಿದ್ದಾರೆ ಅಂದೆ.

ಅವರ ಪಾಸ್ಟರ್ ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಮಾತು ಮೆತ್ತಗೆ. ನನ್ನ ಇಂಗ್ಲಿಷ್ ಬಹಳ ಶುದ್ಧವಾಗಿದೆ ಅಂದರು. ಅವರು ಏನಂದರು ಅಂತ ಅತ್ತೆ ಕೇಳಿದರು, ಹೇಳಿದೆ.

"ಅಷ್ಟು ವರ್ಷ ಅಲ್ಲಿ ಬಿಟ್ಟಿದ್ದು ಸಾರ್ಥಕ ಬಿಡು" ಅಂದರು ಅತ್ತೆ. ಮುಖದಲ್ಲಿ ನಿಜವಾದ ಹೆಮ್ಮೆ.

ಫೈನ್. ನಾನು ಏನು ಹೇಳಬೇಕಿತ್ತು?

ಅಕ್ಟೋಬರ್ ೮, ಬುಧವಾರ

ಇವತ್ತು ಮಾತುಕತೆ ಶುರು. ಹಾಲಿನ ಹಿಂದೆ, ಮೊದಲು ಹಾಸಿಗೆಗಳನ್ನು ಪೇರಿಸಿಡುತ್ತಿದ್ದ ಕೋಣೆಯಲ್ಲಿ ಅವರ ಆಫೀಸು. ಉದ್ದನೆ ಪಾಸ್ಟರ್, ಅವರ ಸಭೆಯ ಖಜಾಂಚಿ, ಇನ್ನೊಬ್ಬರು ಕಟ್ಟಡಗಳ ಪ್ಲಾನ್ ಬರೆಯುತ್ತಿದ್ದು ನಿವೃತ್ತರಾದ ಹಿರಿಯರು. ಅವರ ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ ಇತ್ತು, ಆದ್ದರಿಂದ ಪ್ಲಾನ್ ಅಂಕಲ್. ಬಸ್ ಆಂಟಿ ಚಹಾ ಕೊಟ್ಟು ಮೂಲೆಯಲ್ಲಿ ಕೂತರು.

ಅತ್ತೆ ಬರುವ ದಾರಿಯಲ್ಲೇ ಹಾಲನ್ನು ಕಣ್ಣಲ್ಲಿ ಅಳೆದಿದ್ದರು. ಕೂತ ತಕ್ಷಣ ಕೇಳಿದ್ದು: "ಅಷ್ಟೊಂದು ಕುರ್ಚಿ ಇದಾವೆ. ಮಕ್ಕಳು ಕೂರೋ ಸಣ್ಣ ಕುರ್ಚಿಗಳೆಲ್ಲ ಗೋಡೆಗೆ ಪೇರಿಸಿಟ್ಟಿದಾರೆ, ಮೇಲೆ ಧೂಳು. ಇವರ ಮಕ್ಕಳೆಲ್ಲಿ? ಕೇಳು."

ಬಂದ ಮನೆಯಲ್ಲಿ ಹೀಗೆ ಕೇಳುತ್ತಾರೆಯೇ? ನಾನು, ನಿಮ್ಮ ಸಭೆಯಲ್ಲಿ ಮಕ್ಕಳಿಗಾಗಿ ಯಾವ ಯಾವ ಕಾರ್ಯಕ್ರಮಗಳಿವೆ ಅಂತ ಕೇಳಿದೆ. ಉದ್ದನೆ ಪಾಸ್ಟರ್ ಉದ್ದಕ್ಕೆ ಉತ್ತರ ಕೊಟ್ಟರು, ಬಣ್ಣದ ಕಾಗದಗಳನ್ನೂ ತೋರಿಸಿದರು.

"ನಾನು ಒಂದು ಮಾತು ಕೇಳ್ದೆ, ಅವರು ಒಂದು ಪ್ರಸಂಗ ಮಾಡಿದ್ರು" ಅಂದರು ಅತ್ತೆ. "ಮಕ್ಕಳೆಲ್ಲಿದಾರಂತೆ?"

"ಕಾರ್ಯಕ್ರಮಗಳು ತುಂಬಾ ಇದಾವಂತೆ, ಅತ್ತೆ."

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಓರೆ ಕತ್ತರಿಸಿದ ಬಟ್ಟೆಯನ್ನು ನೋಡುವ ಹಾಗೆ.

ನನಗೆ ಇದು ಅಭ್ಯಾಸ. ಹಾಸ್ಟೆಲಿಗೆ ಹಳ್ಳಿಯ ಅಪ್ಪ ಅಮ್ಮಂದಿರು ಬಂದಾಗ ಅವರ ಮಾತನ್ನು ವಾರ್ಡನ್ ಮಿಸ್‌ಗೆ, ಮಿಸ್ ಮಾತನ್ನು ಅವರಿಗೆ ನಾನೇ ಹೇಳುತ್ತಿದ್ದೆ. ಯಾರಿಗೂ ಬೇಜಾರಾಗದ ಹಾಗೆ ಇಸ್ತ್ರಿ ಮಾಡಿ ಕೊಡುವುದು. ಎರಡೂ ಕಡೆಯವರು ನನ್ನನ್ನು ಹೊಗಳುತ್ತಿದ್ದರು.

ಕೊನೆಯಲ್ಲಿ ಉದ್ದನೆ ಪಾಸ್ಟರ್ ಕಾಗದ ಜೋಡಿಸಿಕೊಂಡು ಏಳುತ್ತಾ, ಹಾಸ್ಟೆಲ್ ವಿಷಯವಾಗಿ ನಾವು ಪ್ರಾರ್ಥನೆ ಮಾಡುತ್ತೇವೆ ಅಂದರು. ಅಂದರೆ ಇವತ್ತಿಗೆ ಮುಗಿಯಿತು, ಯೋಚನೆ ಮಾಡಿ ಹೇಳುತ್ತೇವೆ ಅಂತ. ನನಗೆ ಗೊತ್ತಾಯಿತು. ನಾನು ಅವರ ಮಾತನ್ನು ಇದ್ದ ಹಾಗೇ ಹೇಳಿದೆ, ಅದೊಂದನ್ನಾದರೂ. ಅತ್ತೆ "ಆಗ್ಲಿ, ಮಾಡೋಣ" ಅಂದು ಕೈಚೀಲ ಕೆಳಗಿಟ್ಟು, ತಲೆಗೆ ಬಟ್ಟೆ ಹೊದ್ದು, ಅಲ್ಲೇ ಮೇಜಿನ ಪಕ್ಕ ಮಂಡಿಯೂರಿಬಿಟ್ಟರು. ನಮ್ಮ ಸಭೆಯಲ್ಲಿ ಅಷ್ಟೇ ತಾನೇ. ಪ್ರಾರ್ಥನೆ ಮಾಡುತ್ತೇವೆ ಅಂದವರು ಆಗಲೇ ಮಾಡುತ್ತಾರೆ, ನಾಳೆಗೆ ಇಡುವುದಿಲ್ಲ.

ಉದ್ದನೆ ಪಾಸ್ಟರ್ ಅರ್ಧ ಎದ್ದವರು ಹಾಗೇ ನಿಂತರು. ಆಮೇಲೆ ಮಡಿಸುವ ಏಣಿಯ ಹಾಗೆ ಒಂದೊಂದೇ ಕೀಲು ಬಗ್ಗಿಸಿ ಕೆಳಗಿಳಿದರು. ಪ್ಲಾನ್ ಅಂಕಲ್ ಇಳಿದರು, ಖಜಾಂಚಿ ಮೇಜು ಹಿಡಿದು ಇಳಿದರು. ಅತ್ತೆ ಹಾಸ್ಟೆಲಿಗೆ, ಇವರ ದೇಶಕ್ಕೆ, ಪಾಸ್ಟರ್ ಅಂಕಲ್ ಕಾಲಿಗೆ, ಬಸ್ಸಿನ ಇಂಜಿನ್ನಿಗೆ, ಎಲ್ಲಕ್ಕೂ ಪ್ರಾರ್ಥನೆ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡು ಸಾಲು ಸಾಲಾಗಿ ತರ್ಜುಮೆ ಮಾಡಿದೆ. ಆಮೆನ್ ಆದಮೇಲೆ ಎಲ್ಲರೂ ಎದ್ದರು, ಖಜಾಂಚಿಗೆ ಏಳುವುದಕ್ಕೆ ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಒಂದು ತೋಳು ಅತ್ತೆ, ಇನ್ನೊಂದು ತೋಳು ಬಸ್ ಆಂಟಿ ಹಿಡಿದು, ಇಬ್ಬರೂ ಅವರವರ ಭಾಷೆಯಲ್ಲಿ ಎಣಿಸಿ ಎತ್ತಿದರು. ಮೊದಲು ನಕ್ಕವರು ಖಜಾಂಚಿಯೇ.

ನಾನು ನಾಚಿಕೆಯಿಂದ ಸತ್ತೇ ಹೋಗಬೇಕಿತ್ತು. ಸಾಯಲಿಲ್ಲ.

ಅಕ್ಟೋಬರ್ ೯, ಗುರುವಾರ

ಪ್ಲಾನ್ ಅಂಕಲ್ ಸುರುಳಿ ಬಿಚ್ಚಿದರು. ನಮ್ಮ ಹಾಸ್ಟೆಲ್. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ ಅಂದರೆ, ಬಾಗಿಲು ತೆರೆಯುವ ದಿಕ್ಕಿಗೂ ಒಂದು ಕಮಾನು. ಮೊದಲ ಮಹಡಿಯಲ್ಲಿ ಸಾಲಾಗಿ ಸಣ್ಣ ಚೌಕಗಳು, ಒಂದರ ಮೇಲೊಂದು ಮಂಚ.

ಅತ್ತೆ ಟೇಪು ತೆಗೆದು ಕಾಗದದ ಮೇಲೇ ಹಿಡಿದರು. "ಈ ಮಂಚಗಳ ಮಧ್ಯೆ ಒಬ್ಬರು ಕೂರೋಕೆ ಜಾಗ ಇದೆಯಾ ಕೇಳು. ಮಗು ಅತ್ರೆ ಪಕ್ಕದಲ್ಲಿ ಕೂರೋಕೆ."

ಮಂಚಗಳ ಮಧ್ಯೆ ಜಾಗ ಇದೆಯೇ ಅಂತಷ್ಟೇ ಕೇಳಿದೆ. ಓಡಾಡುವಷ್ಟು ಇದೆ ಅಂದರು. ಇದೆಯಂತೆ ಅತ್ತೆ ಅಂದೆ.

ಹಾಸ್ಟೆಲಿನಲ್ಲಿ ನನ್ನದು ಮೇಲಿನ ಮಂಚ ಆಗಿತ್ತು. ಇವತ್ತು ಊಟ ಸೇರಲಿಲ್ಲ.

ಅಕ್ಟೋಬರ್ ೧೦, ಶುಕ್ರವಾರ

ಇವತ್ತು ಯಾವ ಮೀಟಿಂಗೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯ ಮಂಚ ಖಾಲಿ. ಗಾಬರಿಯಿಂದ ಅಡುಗೆಮನೆಗೆ ಓಡಿದೆ. ಇಬ್ಬರೂ ಆರಾಮಾಗಿ ಚಹಾ ಕುಡಿಯುತ್ತಿದ್ದಾರೆ. ಬಸ್ ಆಂಟಿಯ ಕೋಟಿನ ಕಿತ್ತುಹೋದ ಒಳಪದರವನ್ನು ಅತ್ತೆ ಹೊಲಿಯುತ್ತಿದ್ದಾರೆ. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದರೆ ಮಾತು ನಿಂತಿಲ್ಲ.

"ನಾನು ಬರೋವರ್ಗೂ ಕಾಯಬಾರದಾ ಅತ್ತೆ? ಏನು ಹೇಳ್ತಿದ್ರಿ ಅವರಿಗೆ?"

"ನಿನ್ನ ಬಗ್ಗೆನೇ. ಚಾಡಿ." ದಾರ ಕಚ್ಚಿ ತುಂಡು ಮಾಡಿದರು. "ಅವರ ಯಜಮಾನರು ಹೋಗಿ ತುಂಬಾ ವರ್ಷ ಆಯ್ತಂತೆ."

"ಅದು ನಿಮಗೆ ಹೇಗೆ ಗೊತ್ತಾಯ್ತು?"

"ಈ ಕೋಟು ಗಂಡಸರದು ಕಣೇ."

ಆಮೇಲೆ ಬಸ್ ಆಂಟಿ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು, ಬೆಳಿಗ್ಗೆ ಒಮ್ಮೆ, ಸಂಜೆ ಸ್ಕೂಲ್ ಬಿಟ್ಟಾಗ ಇನ್ನೊಮ್ಮೆ. ಬೆಳಿಗ್ಗೆ ಗಲಾಟೆಯೋ ಗಲಾಟೆ. ಸಂಜೆ ಬೇರೆ. ಮಕ್ಕಳು ಸುಸ್ತಾಗಿ ಕಿಟಕಿಗೆ ಕೆನ್ನೆ ಒತ್ತಿ ಕೂತಿದ್ದವು. ಒಂದೊಂದೇ ಬೀದಿ, ಒಂದೊಂದೇ ಗೇಟು. ಮಗು ಇಳಿಯುತ್ತದೆ, ಗೇಟು ತಳ್ಳಿಕೊಂಡು ಹೋಗಿ ಬಾಗಿಲು ಬಡಿಯುತ್ತದೆ. ಬಸ್ ಆಂಟಿ ಹೊರಡುವುದಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ನೋಡುತ್ತಿರುತ್ತಾರೆ. ಒಳಗಿನಿಂದ ಯಾರೋ ಬಾಗಿಲು ತೆರೆದು ಕೈ ಎತ್ತಿದ ಮೇಲೆಯೇ ಬಸ್ ಮುಂದೆ.

ಒಂದು ಮನೆಯಲ್ಲಿ ಬಾಗಿಲು ತೆರೆಯಲೇ ಇಲ್ಲ. ಹಿಂದೆ ಎರಡು ಕಾರು ನಿಂತು ಹಾರ್ನ್ ಹೊಡೆದವು. ಬಸ್ ಆಂಟಿ ಅಲ್ಲಾಡಲಿಲ್ಲ. ಮೆಟ್ಟಿಲ ಮೇಲಿದ್ದ ಹುಡುಗಿ ತಿರುಗಿ ತಿರುಗಿ ಬಸ್ಸನ್ನು ನೋಡುತ್ತಿದ್ದಳು, ಆದರೆ ಹೆದರಿರಲಿಲ್ಲ. ಬಸ್ ಇದೆಯಲ್ಲ. ಕೊನೆಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಅಜ್ಜ ಬಾಗಿಲು ತೆರೆದರು.

"ಬಾಗಿಲು ತೆಗೆಯೋವರ್ಗೂ ಹೋಗಲ್ಲ ನೋಡು" ಅಂದರು ಅತ್ತೆ, ನನಗಲ್ಲ, ಕಿಟಕಿಗೆ.

ಕೊನೆಯ ಮಗು ಇಳಿದ ಮೇಲೆ, ಖಾಲಿ ಮೈದಾನದಲ್ಲಿ ಬಸ್ ಆಂಟಿ ಅತ್ತೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಬೇಡ ಅತ್ತೆ ಅಂತ ನಾನು ಬಾಗಿಲ ಹತ್ತಿರ ಹೋಗಿ ನಿಂತೆ. "ಇಷ್ಟು ವರ್ಷ ಮಷೀನಿನ ಪೆಡಲ್ ತುಳಿದವಳು ನಾನು" ಅಂದರು. ಬಸ್ ಒಂದು ಸಲ ಬಿಕ್ಕಳಿಸಿ ನಾಲ್ಕು ಮಾರು ಹೋಯಿತು. ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ನಕ್ಕರು. ಅತ್ತೆ ಹಾಗೆ ನಗುವುದು ನಾನು ನೋಡಿರಲಿಲ್ಲ. ನೋಡಿದ್ದೆನೋ, ಚಿಕ್ಕವಳಿದ್ದಾಗ.

ಅಕ್ಟೋಬರ್ ೧೧, ಶನಿವಾರ

ನಾಳೆ ಸಾಕ್ಷಿ. ಪಾಸ್ಟರ್ ಅಂಕಲ್ ಬರೆದುಕೊಟ್ಟಿದ್ದು ಬಾಯಿಪಾಠ ಆಗಿದೆ. ಒಂದೂ ತಪ್ಪಿಲ್ಲ. ಆದರೂ ಆ ಕೊನೆಯ ಉಗುರೂ ಮುಗಿಯಿತು.

ಅಕ್ಟೋಬರ್ ೧೨, ಭಾನುವಾರ

ಕೆಟ್ಟ ಕೆಲಸ ಮಾಡಿದೆನೋ ಒಳ್ಳೆಯದು ಮಾಡಿದೆನೋ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲಿನಲ್ಲಿ ಜನ ಹೆಚ್ಚಿರಲಿಲ್ಲ, ಬಹುಪಾಲು ನೆರೆತ ತಲೆಗಳು. ಅತ್ತೆ ಮೊದಲು ವಂದನೆ ಹೇಳಿದರು, ನಾನು ಪಕ್ಕದಲ್ಲಿ ನಿಂತು ತರ್ಜುಮೆ ಮಾಡಿದೆ. ಅವರು ಹೋಗಿ ಮುಂದಿನ ಸಾಲಿನಲ್ಲಿ ಬಸ್ ಆಂಟಿಯ ಪಕ್ಕ ಕೂತರು. ನಾನು ಪಾಸ್ಟರ್ ಅಂಕಲ್ ಕೊಟ್ಟ ಕಾಗದ ಬಿಚ್ಚಿದೆ. ಆಗ ಉದ್ದನೆ ಪಾಸ್ಟರ್ ಮೈಕ್ ಹತ್ತಿರ ಬಗ್ಗಿ ಒಂದು ಮಾತು ಹೇಳಿದರು: ಈ ಮಗು ವಾರವಿಡೀ ಬೇರೆಯವರ ಮಾತನ್ನೇ ಆಡಿದೆ. ಇವತ್ತು ಅವಳು ಮೊದಲು ತಾನು ಪ್ರಾರ್ಥನೆ ಮಾಡುವ ಭಾಷೆಯಲ್ಲಿ ಹೇಳಲಿ, ಅದರ ದನಿ ನಮಗೂ ಕೇಳಬೇಕು. ಆಮೇಲೆ ನಮಗೆ ಹೇಳಲಿ.

ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ನನ್ನ ತಯಾರಿ ಎಲ್ಲ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲಾದರೆ ಅತ್ತೆಗೆ ತಿಳಿಯುವುದಿಲ್ಲ, ಅನ್ನುವ ಧೈರ್ಯವೂ ಇತ್ತು. ಈಗ ನನ್ನ ಮಾತಿಗೆ ನಾನೇ ತರ್ಜುಮೆಗಾರ್ತಿ.

ನಮ್ಮ ಭಾಷೆಯಲ್ಲಿ ಶುರು ಮಾಡಿದೆ. "ನನ್ನನ್ನು ನಾಲ್ಕನೇ ಕ್ಲಾಸಾದ ಮೇಲೆ ಹಾಸ್ಟೆಲಿಗೆ ಸೇರಿಸಿದರು." ಇಂಗ್ಲಿಷಿನಲ್ಲಿ ಹೇಳಿದೆ. "ಅಲ್ಲಿ ಇಂಗ್ಲಿಷ್ ಕಲಿತೆ." ಹೇಳಿದೆ. ಕಾಗದದಲ್ಲಿ ಮುಂದಿನ ಸಾಲು, ಅಲ್ಲಿ ನನಗೆ ಒಂದು ದೊಡ್ಡ ಕುಟುಂಬವೇ ಸಿಕ್ಕಿತು ಅಂತ. ಅದನ್ನು ನಮ್ಮ ಭಾಷೆಗೆ ತಿರುಗಿಸಲು ಬಾಯಿ ತೆರೆದೆ. ಎದುರಿಗೆ ಅತ್ತೆ, ಮಡಿಲಲ್ಲಿ ಟೇಪು. ಆ ಸಾಲು ಬರಲಿಲ್ಲ.

"ತಿಂಗಳಿಗೊಮ್ಮೆ ಅತ್ತೆ ನೋಡೋಕೆ ಬರ್ತಿದ್ರು. ನಾನು ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತಿರ್ತಿದ್ದೆ."

ಇಂಗ್ಲಿಷಿನಲ್ಲಿ ಹೇಳಿದೆ.

"ಹೇಗಿದೀಯ ಅಂತ ಕೇಳ್ತಿದ್ರು. ಚೆನ್ನಾಗಿದೀನಿ ಅಂತಿದ್ದೆ. ಚೆನ್ನಾಗಿರ್ಲಿಲ್ಲ."

ಇಲ್ಲಿ ನಿಂತೆ. ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಸ್ವಲ್ಪ ಕಷ್ಟವಿತ್ತು, ದೇವರು ನಡೆಸಿದ, ಅನ್ನಬಹುದಿತ್ತು. ವಾರವೆಲ್ಲ ಮಾಡಿದ್ದು ಅದೇ. ಆ ಹಾಲಿನಲ್ಲಿ ಎರಡೂ ಭಾಷೆ ಬರುವವಳು ನಾನೊಬ್ಬಳೇ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೇಳಬೇಕಾದವರು ಕೇಳಿ ಆಗಿತ್ತು. ಇನ್ನು ಬಚ್ಚಿಡುವುದು ಯಾರಿಂದ? ಇದ್ದ ಹಾಗೇ ಹೇಳಿದೆ.

ಆಮೇಲೆ ಸುಲಭವಾಯಿತು. ಹಾಸ್ಟೆಲ್ ಕೆಟ್ಟದಾಗಿರಲಿಲ್ಲ, ಯಾರೂ ಹೊಡೆಯಲಿಲ್ಲ, ಊಟ ಇತ್ತು, ಓದು ಇತ್ತು ಅಂದೆ. ಸಂಜೆ ಮಾತ್ರ ಕಷ್ಟ ಅಂದೆ. ಸ್ಕೂಲ್ ಬಿಟ್ಟಾಗ ಉಳಿದ ಮಕ್ಕಳೆಲ್ಲ ಮನೆಗೆ ಓಡುತ್ತಿದ್ದರು, ನಾವು ಅದೇ ಕಟ್ಟಡದ ಇನ್ನೊಂದು ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆವು. ಶುಕ್ರವಾರ ನಿಮ್ಮ ಊರಲ್ಲಿ ಒಂದು ಬಸ್ ನೋಡಿದೆ ಅಂದೆ. ಬಾಗಿಲು ತೆರೆಯುವವರೆಗೆ ನಿಲ್ಲುವ ಬಸ್. ಅಷ್ಟು ಹೇಳಿ, ದೇವರಿಗೆ ಸ್ತೋತ್ರ ಅಂದು ಇಳಿದುಬಿಟ್ಟೆ.

ಯಾರೂ ಆಮೆನ್ ಅನ್ನಲಿಲ್ಲ. ಪ್ಲಾನ್ ಅಂಕಲ್ ತಲೆ ತಗ್ಗಿಸಿ ಕೂತಿದ್ದರು. ಹಾಸ್ಟೆಲ್ ಎದ್ದ ಹಾಗೇ ಲೆಕ್ಕ ಅಂದಿದ್ದರಲ್ಲ ಹಿರಿಯರು, ಮುಳುಗಿಸಿ ಬಂದೆ. ಕಲ್ಲುಗಣಿಯ ಆಚೆಯ ಹುಡುಗಿಯರಿಗೆ ಏನಂತ ಹೇಳುವುದು?

ಅತ್ತೆ ಮಧ್ಯಾಹ್ನ ಊಟವಾದ ಮೇಲೆ "ಬಾ, ನಡೆದು ಬರೋಣ" ಅಂದರು. ಬೀದಿ ಖಾಲಿ ಇತ್ತು, ಬಿಸಿಲು ಚೆನ್ನಾಗಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು.

"ನಿನ್ನ ನೋಡ್ಕೊಂಡು ಗೇಟಿಂದ ಆಚೆ ಬರ್ತಿದ್ನಲ್ಲ" ಅಂದಳು ಅತ್ತೆ, "ಆ ಕಾಂಪೌಂಡ್ ಗೋಡೆ ಇತ್ತು ನೋಡು, ಅದರ ಪಕ್ಕ ನಿಂತಿರ್ತಿದ್ದೆ. ಬಸ್ ಬರೋದು, ಬಿಡ್ತಿದ್ದೆ. ಇನ್ನೊಂದು ಬರೋದು, ಅದನ್ನೂ ಬಿಡ್ತಿದ್ದೆ. ನೀನೆಲ್ಲಾದ್ರೂ ಕೂಗ್ತೀಯೇನೋ ಅಂತ."

"ನಾನು ಕೂಗ್ಲಿಲ್ಲ."

"ಇಲ್ಲ. ನೀನು ಕೂಗ್ಲಿಲ್ಲ."

"ಕೂಗಿದ್ರೆ?"

"ಕರ್ಕೊಂಡು ಹೋಗಿಬಿಡ್ತಿದ್ದೆ. ಓದು ಹಾಳಾಗ್ತಿತ್ತು." ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೂಗ್ಲಿ ಅಂತಾನೂ ಇತ್ತು, ಕೂಗದೇ ಇರ್ಲಿ ಅಂತಾನೂ ಇತ್ತು."

ಅದೇ ಹೊತ್ತಿಗೆ ನಾನು ಗೇಟಿನ ಒಳಗೆ ಅದೇ ಗೋಡೆಗೆ ಒರಗಿ ಕೂರುತ್ತಿದ್ದೆ ಅಂತ ಹೇಳಿದೆ. ಅವಳು ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಕೂತಳು. ಚಿಕ್ಕವಳಿದ್ದಾಗ ಹೊಲಿಯುವಾಗ ನನ್ನನ್ನು ಹಾಗೇ ಕೂರಿಸಿಕೊಳ್ಳುತ್ತಿದ್ದಳು, ಎಲ್ಲೂ ಓಡಿಹೋಗದ ಹಾಗೆ. ಒಂದು ಬಸ್ ಬಂದು ನಿಂತಿತು. ನಾವು ಹತ್ತಲಿಲ್ಲ. ಡ್ರೈವರ್ ಬೈದುಕೊಂಡು ಹೋದ.

ಅಕ್ಟೋಬರ್ ೧೩, ಸೋಮವಾರ

ಕೊನೆಯ ಮೀಟಿಂಗ್. ಒಳಗೆ ಹೋಗುವ ಮುಂಚೆ ಅತ್ತೆ ಹೇಳಿದಳು: "ಇವತ್ತು ಇಸ್ತ್ರಿ ಬೇಡ. ನಾನು ಸುಕ್ಕಾಗಿ ಹೇಳಿದ್ರೆ ನೀನೂ ಸುಕ್ಕಾಗೇ ಹೇಳು."

ಇಸ್ತ್ರಿ ಮಾಡುವ ವಿಷಯ ನಾನು ಇಲ್ಲಿ ಮಾತ್ರ ಬರೆದಿದ್ದೆ. ನೋಟ್ ಬುಕ್ ನೋಡಿದ್ದಾಳಾ ಅಂತ ಗಾಬರಿಯಾಗಿ ಕೇಳಿಬಿಟ್ಟೆ. ಇಲ್ಲವಂತೆ. "ನೀನು ಏನು ಮಾಡ್ತಿದೀಯ ಅಂತ ಬುಧವಾರಾನೇ ಗೊತ್ತಾಯ್ತು. ನಾನು ಕೇಳಿದ್ದು ಗಿಡ್ಡ, ನೀನು ಕೇಳಿದ್ದು ಉದ್ದ."

ಕೂತ ಮೇಲೆ ಅವಳು ಅಂದಳು: "ಹಾಸ್ಟೆಲ್ ಬೇಡ. ಬಸ್ ಬೇಕು."

ಅಷ್ಟನ್ನೇ ಹೇಳಿದೆ. ಪ್ಲಾನ್ ಅಂಕಲ್ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಅತ್ತೆ ಅದನ್ನು ನೋಡಿ, "ಅವರ ಪ್ಲಾನ್ ತುಂಬಾ ಚೆನ್ನಾಗಿದೆ ಅಂತ ಹೇಳು. ಸುಳ್ಳಲ್ಲ, ಬಾಗಿಲುಗಳು ಎಷ್ಟು ಸರಿಯಾಗಿದಾವೆ" ಅಂದಳು. ಹೇಳಿದೆ. ಉದ್ದನೆ ಪಾಸ್ಟರ್, ಕಟ್ಟಡವಾದರೆ ಉಳಿಯುತ್ತದೆ, ಬಸ್ ಹಳೆಯದಾಗುತ್ತದೆ, ನಮ್ಮ ಜನ ಕಟ್ಟಡಕ್ಕೆ ಅಂತ ಕೊಟ್ಟಿದ್ದಾರೆ ಅಂದರು.

"ಹಳೇದಾಗ್ಲಿ. ಅಷ್ಟರಲ್ಲಿ ಹುಡುಗೀರು ಓದಿ ಮುಗಿಸಿರ್ತಾರೆ."

ರಿಪೇರಿ ಹೇಗೆ ಅಂತ ಖಜಾಂಚಿ ಕೇಳಿದರು. "ಟೈರ್ ಚಿಂತೆ ಇಲ್ಲ, ಕೆಳಗೇ ಅಂಗಡಿ" ಅಂದಳು ಅತ್ತೆ. ಓಡಿಸುವವರು ಯಾರು ಅಂದರು. ಅತ್ತೆ ತನ್ನ ಎದೆ ಮುಟ್ಟಿ ತೋರಿಸಿದಳು. ಮೂಲೆಯಿಂದ ಬಸ್ ಆಂಟಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರು ಅವರೊಬ್ಬರೇ.

"ಈಗ ಬುಧವಾರ ಕೇಳಿದ್ದನ್ನ ಸರಿಯಾಗಿ ಕೇಳು."

ನಾನು ಉದ್ದನೆ ಪಾಸ್ಟರ್ ಮುಖ ನೋಡಿ ಕೇಳಿದೆ, ನಿಮ್ಮ ಮಕ್ಕಳೆಲ್ಲಿದ್ದಾರೆ ಅಂತ. ಅವರು ಬಣ್ಣದ ಕಾಗದ ಹುಡುಕಲಿಲ್ಲ. ಬೆಳೆದರು, ಹೋದರು, ಸಭೆಗೆ ಮತ್ತೆ ಬರಲಿಲ್ಲ ಅಂದರು. ಪ್ಲಾನ್ ಅಂಕಲ್ ಇಬ್ಬರು ಮಕ್ಕಳೂ. ಉದ್ದನೆ ಪಾಸ್ಟರ್ ಅವರ ಸ್ವಂತ ಮಗಳೂ. ಅದೇ ಊರಿನಲ್ಲಿದ್ದಾಳೆ, ಫೋನ್ ಎತ್ತುವುದಿಲ್ಲ.

ಅತ್ತೆಗೆ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಅವಳು ಹೇಳಿದಳು: "ನಮ್ಮ ಹುಡುಗೀರ ಹೆಸರು ಬರೆದು ಕೊಡ್ತೀವಿ. ಇವರ ಮಕ್ಕಳ ಹೆಸರು ನಮಗೆ ಕೊಡ್ಲಿ. ಅವರದನ್ನ ನಾವು ಪ್ರಾರ್ಥನೆಯಲ್ಲಿ ಹೇಳ್ತೀವಿ, ನಮ್ಮದನ್ನ ಅವರು. ಬಸ್ ಕೊಟ್ರೂ ಅಷ್ಟೇ, ಕೊಡದಿದ್ರೂ ಅಷ್ಟೇ. ಸಹಭಾಗಿ ಅಂದ್ರೆ ಅದು ತಾನೇ?"

ಉದ್ದನೆ ಪಾಸ್ಟರ್ ಜೇಬಿನಿಂದ ಪೆನ್ ತೆಗೆದು ಮೊದಲು ತಮ್ಮ ಮಗಳ ಹೆಸರು ಬರೆದರು. ಬಸ್ಸಿನ ವಿಷಯ ಪ್ರಾರ್ಥನೆ ಮಾಡುತ್ತೇವೆ ಅಂದರು. ಅಂದ ತಕ್ಷಣ ಎಲ್ಲರೂ ಅತ್ತೆಯ ಕಡೆ ನೋಡಿದರು, ಖಜಾಂಚಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಕೂತೇ ಮಾಡೋಣ ಅನ್ನು" ಅಂದಳು ಅತ್ತೆ. "ಅವರ ಮಂಡಿಗೆ ಇನ್ನೊಂದು ಪ್ರಾರ್ಥನೆ ಮಾಡಬೇಕಾಗುತ್ತೆ."

ನವೆಂಬರ್ ೨, ಭಾನುವಾರ

ಪರೀಕ್ಷೆ, ಓದು, ಬರೆಯಲು ಆಗಿರಲಿಲ್ಲ. ಶನಿವಾರ ಮನೆಗೆ ಬಂದೆ, ಹೋದ ಶನಿವಾರವೂ ಬಂದಿದ್ದೆ. ಬಸ್ಸಿನಲ್ಲಿ ದೂರವೇನಲ್ಲ, ಯಾಕೆ ದೂರ ಅಂದುಕೊಂಡಿದ್ದೆನೋ.

ಹಿರಿಯರು ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. "ಕಟ್ಟಡ ಕೊಡ್ತೀವಿ ಅಂದವರ ಹತ್ರ ಬೇಡ ಅಂದು ಬಂದ್ರಲ್ಲ ಅತ್ತೆ ಸೊಸೆ" ಅಂತ ಇವತ್ತೂ ಆರಾಧನೆ ಮುಗಿದ ಮೇಲೆ ಒಬ್ಬರು ಅಂದರು. ಪಾಸ್ಟರ್ ಅಂಕಲ್ ಮಾತ್ರ ಊರುಗೋಲು ಊರಿಕೊಂಡು ಬಂದು, ಕಲ್ಲುಗಣಿಯ ಆಚೆಯ ತಾಯಂದಿರನ್ನು ನಿಲ್ಲಿಸಿ ಕೇಳಿದರು, ನಿಮಗೆ ಯಾವುದು ಬೇಕಿತ್ತು ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಾಕೆ, "ರಾತ್ರಿ ಮನೆಗೆ ಬರೋದಾದ್ರೆ ನನ್ನ ಮಗಳನ್ನ ಕಳಿಸ್ತೀನಿ" ಅಂದಳು. ಅದಾದ ಮೇಲೆ ಹಿರಿಯರ ದನಿ ಸ್ವಲ್ಪ ಇಳಿದಿದೆ.

ಅಪ್ಪ ಲಾರಿ ರಜೆಯಲ್ಲಿ ಇದ್ದಾರೆ, ಎರವಲು ತಂದ ಕಾರಿನಲ್ಲಿ ಅತ್ತೆಗೆ ಡ್ರೈವಿಂಗ್ ಕಲಿಸುತ್ತಿದ್ದಾರೆ. ಅಕ್ಕ ತಮ್ಮ ಇಬ್ಬರೂ ಕಿರುಚಾಡುತ್ತಾ ಬೀದಿ ಸುತ್ತುತ್ತಾರೆ. ನಾನು ಹಿಂದಿನ ಸೀಟಿನಲ್ಲಿ ಕೂತು ಇಬ್ಬರಿಗೂ ತರ್ಜುಮೆ ಮಾಡುತ್ತೇನೆ.

ಹೊರದೇಶದಿಂದ ಬಂದದ್ದು ಒಂದೇ ಸಾಲು: ಬಸ್ಸಿನ ವಿಷಯ ಪ್ರಾರ್ಥನೆ ಮಾಡುತ್ತಿದ್ದೇವೆ. "ಮಂಡಿಯೂರಿ ಮಾಡ್ತಿದಾರಾ, ಕೂತ್ಕೊಂಡು ಮಾಡ್ತಿದಾರಾ ಕೇಳು" ಅಂದಳು ಅತ್ತೆ. ಇವತ್ತು ಊಟವಾದ ಮೇಲೆ ಅವಳು ಮಷೀನಿನ ಮುಂದೆ ಕೂತು ಹೇಳಿದಳು, ನಾನು ಬರೆದುಕೊಂಡೆ. ಒಂದೆರಡು ಕಡೆ, ಹೀಗೆ ಬೇಡ ಅತ್ತೆ, ಸ್ವಲ್ಪ ಮೆತ್ತಗೆ ಹೇಳು ಅಂದೆ. ಟೇಪಿನಲ್ಲಿ ಹೊಡೆದಳು. ನಾಳೆ ಇಂಗ್ಲಿಷಿನಲ್ಲಿ ಇದ್ದ ಹಾಗೇ ಕಳಿಸಬೇಕು, ಅದಕ್ಕೆ ಇಲ್ಲಿ ಇಳಿಸಿಕೊಳ್ಳುತ್ತೇನೆ. ಉಗುರು ಕಾಗದಕ್ಕೆ ತಾಗಿ ಕರಕರ ಅನ್ನುತ್ತಿದೆ, ಕತ್ತರಿಸಬೇಕು.

"ಪ್ರೀತಿಯ ಸಹೋದರರಿಗೂ ಬಸ್ ಓಡಿಸುವ ನನ್ನ ಸಹೋದರಿಗೂ ವಂದನೆ. ನಾವು ಕ್ಷೇಮ. ಪಾಸ್ಟರ್ ಕಾಲು ಕೂಡಿಕೊಳ್ಳುತ್ತಿದೆ. ಖಜಾಂಚಿಯವರ ಮಂಡಿ ಹೇಗಿದೆ? ನಿಮ್ಮ ಮಕ್ಕಳ ಹೆಸರುಗಳನ್ನು ಪ್ರತಿ ಭಾನುವಾರ ಗಟ್ಟಿಯಾಗಿ ಹೇಳುತ್ತಿದ್ದೇವೆ. ಹೇಳಲು ಕಷ್ಟವಾದ ಹೆಸರುಗಳನ್ನು ನಮ್ಮ ಹುಡುಗಿಯರು ಅಭ್ಯಾಸ ಮಾಡಿ ಕಲಿತಿದ್ದಾರೆ. ನಿಮ್ಮ ಮಗಳು ಫೋನ್ ಎತ್ತಿದಳೇ? ಎತ್ತುವವರೆಗೆ ನಾವು ಬಿಡುವುದಿಲ್ಲ.

"ನಾನು ಗಾಡಿ ಓಡಿಸಲು ಕಲಿಯುತ್ತಿದ್ದೇನೆ. ಹಿಂದಕ್ಕೆ ತಿರುಗಿಸುವುದು ಇನ್ನೂ ಬಂದಿಲ್ಲ.

"ಬಸ್ ಕೊಡಲು ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದೇ ಬರೆಯಿರಿ, ನಮಗೆ ಬೇಸರವಿಲ್ಲ, ಬೇರೆ ದಾರಿ ನೋಡುತ್ತೇವೆ. ಏಳನೇ ಕ್ಲಾಸಿನ ಪರೀಕ್ಷೆ ಹತ್ತಿರ ಬರುತ್ತಿದೆ. ಅದಾದ ಮೇಲೆ ಇಬ್ಬರು ಹುಡುಗಿಯರನ್ನು ಮನೆಯಲ್ಲಿ ಕೂರಿಸುತ್ತಾರೆ. ಅವರು ಭಾನುವಾರ ಮೆಟ್ಟಿಲು ಹತ್ತಿ ಬಂದು, ಏನಂದರು ಎಂದು ನನ್ನನ್ನೂ ನನ್ನ ಸೊಸೆಯನ್ನೂ ಕೇಳುತ್ತಾರೆ. ನಾವು ಅವರಿಗೆ ಹೇಳಬೇಕು.

"ಬೇಗ ಉತ್ತರ ಬರೆಯಿರಿ."